ಕಾಳಿ ದಂಡೆಯ ಮರಳಲ್ಲಿ ಎರಡು ಡಿಗ್ರಿ

2021ರ ಜುಲೈ 1ರಂದು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಪಕ್ಕದ ಕೋಗಿಲಬನದ ಓಣಿಯಲ್ಲಿ ಮೊಸಳೆಯೊಂದು ನಡೆದು ಹೋಯಿತು. ಮನೆಗಳ ಮುಂದೆ ಬೆರಗಾಗಿ ನಿಂತ ಜನರ ಎದುರಿಗೇ, ಯಾರ ತಂಟೆಗೂ ಹೋಗದೆ, ತನ್ನ ಪಾಡಿಗೆ ತಾನು ಸಾಗಿತು. ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಅದನ್ನು ಹಿಡಿದು ನದಿಗೆ ಬಿಟ್ಟರು. ಆ ವಿಡಿಯೊ ದೇಶವೆಲ್ಲ ಸುತ್ತಿತು, ಎರಡು ದಿನ ಸುದ್ದಿಯಾಯಿತು, ಆಮೇಲೆ ಮರೆತೂ ಹೋಯಿತು.

ಬಂಗೂರನಗರದವರಿಗೆ, ಹಳೆ ದಾಂಡೇಲಿಯವರಿಗೆ ಮೊಸಳೆ ಹೊಸದಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ, ಕಾಳಿ ನದಿಯ ಬಂಡೆಗಳ ಮೇಲೆ ಅವು ಬಾಯಿ ತೆರೆದು ಬಿಸಿಲು ಕಾಯುತ್ತವೆ. ಮೊಸಳೆ ಊರಿಗೆ ಬಂದ ದಿನ ಅದು ಯಾಕೆ ಬಂತು ಎಂದು ಎಲ್ಲರೂ ಕೇಳುತ್ತೇವೆ. ಅದು ಇರುವ ಜಾಗಕ್ಕೆ ಏನಾಗುತ್ತಿದೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡದ ಸರೀಸೃಪಗಳ ಕಡೆಗೆ ಹವಾಮಾನ ಬದಲಾವಣೆಯ ಅಪಾಯ ನಡೆದು ಬರುತ್ತಿದೆ. ಅದು ಮೊಟ್ಟೆಯಲ್ಲಿ, ಮಣ್ಣಿನಲ್ಲಿ, ನೆರಳಿನಲ್ಲಿ ಶುರುವಾಗುವ ಅಪಾಯ. ಹೆಣಗಳು ಬಿದ್ದ ಮೇಲೆ ಎಚ್ಚರಾಗುತ್ತೇವೆ ಎಂದುಕೊಂಡರೆ ಕೆಲಸ ಕೆಟ್ಟಿತು. ಇಲ್ಲಿ ಹೆಣಗಳು ಬೀಳುವುದಿಲ್ಲ, ಮರಿಗಳು ಹುಟ್ಟುವುದಿಲ್ಲ, ಅಷ್ಟೇ.

ನಾವು ಉಂಡ ಅನ್ನದ ಬಹುಪಾಲು ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಹಾವು, ಓತಿ, ಆಮೆ, ಮೊಸಳೆಗಳು ಆ ಖರ್ಚನ್ನು ಇಟ್ಟುಕೊಂಡಿಲ್ಲ. ಬೇಕಾದ ಶಾಖವನ್ನು ಬಿಸಿಲಿನಿಂದ, ಕಾದ ಕಲ್ಲಿನಿಂದ, ನೀರಿನಿಂದ ಪಡೆಯುತ್ತವೆ. ಆದ್ದರಿಂದಲೇ ಹೆಬ್ಬಾವು ಒಂದು ದೊಡ್ಡ ಬೇಟೆ ನುಂಗಿ ವಾರಗಟ್ಟಲೆ ಸುಮ್ಮನೆ ಮಲಗಬಲ್ಲದು. ಈ ಮಿತವ್ಯಯಕ್ಕೆ ಒಂದು ಬೆಲೆಯೂ ಇದೆ. ಯಾವ ಹೊತ್ತಿಗೆ ಹೊರಬರಬೇಕು, ಎಷ್ಟು ತಿನ್ನಬೇಕು, ತಿಂದದ್ದು ಎಷ್ಟು ದಿನದಲ್ಲಿ ಅರಗಬೇಕು, ಎಲ್ಲಿ ಮೊಟ್ಟೆ ಇಡಬೇಕು, ಇವೆಲ್ಲವನ್ನೂ ಸುತ್ತಲಿನ ಹವೆಯೇ ತೀರ್ಮಾನಿಸುತ್ತದೆ. ಹವೆ ಬದಲಾದರೆ ಹಕ್ಕಿ ಹಾರಿ ಹೋದೀತು, ಜಿಂಕೆ ನಡೆದು ಹೋದೀತು. ಬೆರಳುದ್ದದ ಓತಿಗೆ ಒಂದು ಡಾಂಬರು ರಸ್ತೆ, ಒಂದು ಕಬ್ಬಿನ ಗದ್ದೆ ದಾಟುವುದೇ ದೊಡ್ಡ ಪಯಣ.

ಹೊಲದ ಬೇಲಿಗೂಟದ ಮೇಲಿನ ಓತಿಕ್ಯಾತನನ್ನು ಒಂದು ದಿನ ಪೂರ್ತಿ ನೋಡಿ. ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ಚುರುಕಾಗುತ್ತದೆ, ಹುಳ ಹಿಡಿಯುತ್ತದೆ, ಇನ್ನೊಂದು ಗಂಡನ್ನು ಅಟ್ಟುತ್ತದೆ. ಬಿಸಿಲೇರಿದಂತೆ ನೆರಳಿಗೆ ಸರಿಯುತ್ತದೆ, ಸಂಜೆ ಮತ್ತೆ ಬರುತ್ತದೆ. ಅದು ದಿನಗೂಲಿಯವನ ಹಾಗೆ: ಹೊರಗಿದ್ದಷ್ಟು ಹೊತ್ತು ಮಾತ್ರ ಸಂಪಾದನೆ. ಸೆಕೆ ಹೆಚ್ಚಿ ಮಧ್ಯಾಹ್ನದ ಅಡಗುವ ಹೊತ್ತು ಎರಡು ತಾಸಿನಿಂದ ನಾಲ್ಕು, ಐದು ತಾಸಿಗೆ ಬೆಳೆದರೆ ಓತಿ ಸಾಯುವುದಿಲ್ಲ. ಹೊಟ್ಟೆಗೆ ಸಾಲದೆ ಬಡವಾಗುತ್ತದೆ. ಮೊಟ್ಟೆ ಕಟ್ಟುವ ಕಾಲದಲ್ಲಿ ಹೆಣ್ಣಿಗೆ ಕಸುವಿರುವುದಿಲ್ಲ. ಮುಂದಿನ ವರ್ಷ ಆ ಬೇಲಿಯ ಮೇಲೆ ಮರಿಗಳಿರುವುದಿಲ್ಲ.

ಇದು ಬರೀ ಊಹೆಯಲ್ಲ. ಬ್ಯಾರಿ ಸಿನರ್ವೊ ಮತ್ತು ಸಂಗಡಿಗರು ಮೆಕ್ಸಿಕೊದಲ್ಲಿ ಹಿಂದೆ ಓತಿಗಳು ದಾಖಲಾಗಿದ್ದ 200 ಜಾಗಗಳಿಗೆ ಮರಳಿ ಹೋಗಿ, 48 ಪ್ರಭೇದಗಳನ್ನು ಹುಡುಕಿ 2010ರಲ್ಲಿ ವರದಿ ಪ್ರಕಟಿಸಿದರು. 1975ರಿಂದೀಚೆಗೆ ಶೇ 12ರಷ್ಟು ಸ್ಥಳೀಯ ಸಂತತಿಗಳು ಅಳಿದುಹೋಗಿದ್ದವು. ಕಾಡು ಇದ್ದಲ್ಲೇ ಇದ್ದರೂ ಎಷ್ಟೋ ಕಡೆ ಓತಿ ಇರಲಿಲ್ಲ. ಸಂತಾನದ ಕಾಲದಲ್ಲಿ ಹೊರಗೆ ಓಡಾಡುವ ಗಂಟೆಗಳು ಕಡಿಮೆಯಾದದ್ದೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಹೀಗೇ ಮುಂದುವರಿದರೆ 2080ರ ಹೊತ್ತಿಗೆ ಜಗತ್ತಿನ ಐದರಲ್ಲೊಂದು ಓತಿ ಪ್ರಭೇದ ಇಲ್ಲವಾದೀತು ಎಂಬ ಅವರ ಅಂದಾಜಿನ ಮೇಲೆ ವಿಜ್ಞಾನಿಗಳಲ್ಲಿ ವಾದವಿದೆ. ಆ ಸಂಖ್ಯೆಗಿಂತ ನನ್ನನ್ನು ಕಾಡುವುದು ಅವರು ತೋರಿಸಿದ ದಾರಿ. ಹೊರಗಿನಿಂದ ಹಸಿರಾಗಿಯೇ ಕಾಣುವ ಕಾಡು ಒಳಗೊಳಗೇ ಖಾಲಿಯಾಗಬಹುದು.

ಸೆಕೆ ಹೆಚ್ಚಾದರೆ ತಂಪು ದೇಶದ ಪ್ರಾಣಿಗಳಿಗೇ ಮೊದಲು ಕುತ್ತು ಎಂದು ಎಷ್ಟೋ ಕಾಲ ನಂಬಿದ್ದೆವು. ಕರ್ಟಿಸ್ ಡಾಯ್ಚ್ ಮತ್ತವರ ತಂಡ 2008ರಲ್ಲಿ, ರೇಮಂಡ್ ಹ್ಯೂಯಿ ಮತ್ತವರ ತಂಡ 2009ರಲ್ಲಿ ಅದನ್ನು ತಿರುವುಮುರುವು ಮಾಡಿದವು. ಉಷ್ಣವಲಯದ ದಟ್ಟ ಕಾಡಿನ ಓತಿಗಳು ನೆರಳಲ್ಲೇ ಹುಟ್ಟಿ ನೆರಳಲ್ಲೇ ಸಾಯುತ್ತವೆ, ಬಿಸಿಲು ಕಾಯುವ ಅಭ್ಯಾಸ ಅವಕ್ಕಿಲ್ಲ. ಅವುಗಳ ಮೈಶಾಖ ಈಗಾಗಲೇ ತಾಳಿಕೆಯ ಅಂಚಿಗೆ ಹತ್ತಿರದಲ್ಲಿದೆ. ನೆರಳೇ ಬಿಸಿಯಾದರೆ ಇನ್ನೆಲ್ಲಿಗೆ ಸರಿಯಬೇಕು? ಅಷ್ಟರಲ್ಲಿ ಬಯಲಿನ, ಬಿಸಿಲು ಒಗ್ಗಿದ ಪ್ರಭೇದಗಳು ಕಾಡಿನೊಳಗೆ ನುಗ್ಗುತ್ತವೆ.

ಈ ಎರಡು ಲೋಕಗಳು ಎದುರುಬದುರು ನಿಂತಿರುವ ನೆಲ ನಮ್ಮದು. ಗೋವೆಯ ಗಡಿಗೆ ತಾಗಿದ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5,000 ಮಿ.ಮೀ. ಆಸುಪಾಸಿನ ಮಳೆ. ಅಲ್ಲಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ 50 ಕಿ.ಮೀ. ಒಳಗೇ ಸಿಗುವ ಹಳಿಯಾಳದಲ್ಲಿ ಅದರ ನಾಲ್ಕನೇ ಒಂದು ಭಾಗ ಬಿದ್ದರೆ ಹೆಚ್ಚು. ಮುಂಡಗೋಡದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಸಮುದ್ರಮಟ್ಟದಿಂದ 470 ಮೀಟರ್ ಎತ್ತರದ ದಾಂಡೇಲಿ ಈ ಒದ್ದೆ, ಒಣ ತುದಿಗಳ ನಡುವೆ ಕೂತಿದೆ. ಇಷ್ಟು ಚಿಕ್ಕ ಹರವಿನಲ್ಲಿ ಹವೆ ಇಷ್ಟು ಬದಲಾಗುವ ಜಾಗಗಳು ಕಡಿಮೆ, ಸರೀಸೃಪಗಳು ಆ ಬದಲಾವಣೆಯನ್ನು ಅಕ್ಷರಶಃ ಪಾಲಿಸುತ್ತವೆ.

ಜೋಯಿಡಾದ ಅಣಶಿ, ಕುಂಬಾರವಾಡ, ಡಿಗ್ಗಿ ಕಡೆಯ ಒದ್ದೆ ಕಾಡಲ್ಲಿ ತೊರೆಯ ಪಕ್ಕದ ಕೊಂಬೆಗಳಲ್ಲಿ ಮಲಬಾರ್ ಗುಳಿಮಂಡಲ, ತರಗೆಲೆಯಲ್ಲಿ ಎಲೆಯದೇ ಬಣ್ಣ ಹೊತ್ತು ಮಲಗುವ ಮೊಂಡುಮೂಗಿನ ಗುಳಿಮಂಡಲ. ಮರದಿಂದ ಮರಕ್ಕೆ, ಅಡಿಕೆ ತೋಟಗಳಲ್ಲಿ ಕಂಬದಿಂದ ಕಂಬಕ್ಕೆ ತೇಲುವ ಹಾರುವ ಓತಿ. ಕಾಳಿಂಗ ಸರ್ಪ. ಪೂರ್ವಕ್ಕೆ ಬಂದಂತೆ ಕಾಡು ಎಲೆ ಉದುರಿಸುವ ಕಾಡಾಗುತ್ತದೆ, ಬಿದಿರುಮೆಳೆಯಲ್ಲಿ ಹಸಿರು ಗುಳಿಮಂಡಲ, ಹುತ್ತಗಳ ಸುತ್ತ ಉಡ. ಹಳಿಯಾಳ, ಮುಂಡಗೋಡದ ಭತ್ತ, ಗೋವಿನಜೋಳ, ಕಬ್ಬಿನ ಬಯಲಲ್ಲಿ ಕೇರೆ, ನಾಗರ, ಕೊಳಕುಮಂಡಲ. ಇವು ಬೇಲಿ ಹಾಕಿ ಬೇರೆ ಮಾಡಿಟ್ಟ ಪ್ರಾಣಿಗಳಲ್ಲ, ನಡುವೆ ಬೆರೆಯುತ್ತವೆ. ಆದರೂ ಪಶ್ಚಿಮದ ಒದ್ದೆ ಕಾಡಿನ ಗುಂಪು ಒಣ ಬಯಲಿನಲ್ಲಿ ಬಾಳದು. ಬಯಲಿನ ಗುಂಪು ಮಾತ್ರ, ಕಾಡು ಒಣಗಿದಷ್ಟೂ, ಪಶ್ಚಿಮಕ್ಕೆ ಹೆಜ್ಜೆ ಇಡಬಲ್ಲದು.

ಕಾಳಿಂಗದ ಬಗ್ಗೆ ಒಂದು ಮಾತು. ಏಷ್ಯಾದುದ್ದಕ್ಕೂ ಇರುವುದು ಒಂದೇ ಕಾಳಿಂಗ ಎಂದು ಎರಡು ಶತಮಾನ ಹತ್ತಿರ ನಂಬಲಾಗಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು ಸಾಧಿಸಿ ಒಫಿಯೊಫೇಗಸ್ ಕಾಳಿಂಗ ಎಂಬ ಹೆಸರು ಕೊಟ್ಟರು. ಅಂದರೆ ಇಲ್ಲಿ ಕಳೆದುಕೊಂಡರೆ ಥಾಯ್ಲೆಂಡಿನಲ್ಲೋ ಅಸ್ಸಾಮಿನಲ್ಲೋ ಉಳಿದಿದೆ ಎಂದು ಸಮಾಧಾನ ಪಡುವ ಹಾಗಿಲ್ಲ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಮುಂಗಾರಿಗೆ ಮುಂಚೆ ಹೆಣ್ಣು ತನ್ನ ಮೈಯಿಂದಲೇ ತರಗೆಲೆ ಎಳೆದು ರಾಶಿ ಮಾಡುತ್ತದೆ. ಮಳೆ ಹೊರಗೆ ಹೊಯ್ಯುತ್ತಿದ್ದರೂ ಒಳಗಿನ ಮೊಟ್ಟೆ ಬೆಚ್ಚಗಿರುತ್ತದೆ. ನೆಲದಲ್ಲಿ ದಪ್ಪ ತರಗೆಲೆ ಬೇಕು, ಮೇಲೆ ನೆರಳು ಬೇಕು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ, ಇದ್ದಬದ್ದ ದರಕನ್ನೆಲ್ಲ ಗುಡಿಸಿ ಒಯ್ದರೆ ಗೂಡು ಎಲ್ಲಿಂದ ಬರಬೇಕು?

ನೆರಳಿನ ಲೆಕ್ಕ ನೋಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಉತ್ತರ ಕನ್ನಡದ ಕಾಡನ್ನು ಅಳೆದಿದ್ದಾರೆ. 1973ರಲ್ಲಿ ಜಿಲ್ಲೆಯ ಶೇ 67.73ರಷ್ಟು ಭೂಭಾಗದಲ್ಲಿದ್ದ ನಿತ್ಯಹರಿದ್ವರ್ಣ ಕಾಡು 2013ಕ್ಕೆ ಶೇ 32.08ಕ್ಕೆ ಇಳಿದಿತ್ತು. ನಲವತ್ತು ವರ್ಷಕ್ಕೆ ಅರ್ಧಕ್ಕೂ ಹೆಚ್ಚು ನಷ್ಟ. ಆ ಜಾಗದಲ್ಲೆಲ್ಲ ಮರವೇ ಇಲ್ಲ ಎಂದಲ್ಲ. ನೆಡುತೋಪುಗಳಿವೆ, ತೋಟಗಳಿವೆ, ಅಣೆಕಟ್ಟುಗಳ ಹಿನ್ನೀರಿದೆ. ದಾಂಡೇಲಿಯಿಂದ ಹಳಿಯಾಳದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಸಾಗವಾನಿ ಸಾಲು. ಜೂನ್‌ನಿಂದ ಡಿಸೆಂಬರ್‌ವರೆಗೆ ಅದು ಕಾಡಿನಂತೆಯೇ ಕಾಣುತ್ತದೆ. ಫೆಬ್ರುವರಿಯ ಹೊತ್ತಿಗೆ ಎಲೆಯೆಲ್ಲ ಉದುರಿ ನೆಲ ನೆತ್ತಿಯ ಬಿಸಿಲಿಗೆ ಬಟ್ಟಬಯಲು. ಎಷ್ಟೋ ಸರೀಸೃಪಗಳು ಮೊಟ್ಟೆ ಇಡುವ, ಕೂಡುವ, ಗೂಡು ಹುಡುಕುವ ತಿಂಗಳುಗಳು ಅವೇ: ಫೆಬ್ರುವರಿಯಿಂದ ಮೇ.

ನೆರಳಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮೈಕೆಲ್ ಕಿಯರ್ನಿ, ರಿಕ್ ಶೈನ್, ವಾರೆನ್ ಪೋರ್ಟರ್ 2009ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಇದು: ಬಿಸಿ ದೇಶಗಳ ಓತಿ, ಹಾವುಗಳಿಗೆ ಮೈ ಕಾಯಿಸಿಕೊಳ್ಳುವುದು ಕಷ್ಟವಲ್ಲ, ತಂಪಾಗಿರುವುದೇ ಕಷ್ಟ, ಗಿಡಮರಗಳ ನೆರಳು ಉಳಿದರೆ ಅವು ತಮ್ಮ ನಡವಳಿಕೆಯಿಂದಲೇ ಎಷ್ಟೋ ಬಿಸಿಯನ್ನು ತಪ್ಪಿಸಿಕೊಳ್ಳಬಲ್ಲವು, ನೆರಳು ಹೋದರೆ ಯಾವ ಉಪಾಯವೂ ಉಳಿಯದು. ಜಗತ್ತಿನ ಬಿಸಿಯನ್ನು ದಾಂಡೇಲಿಯಲ್ಲಿ ಕೂತು ಇಳಿಸಲಾಗದು. ದಾಂಡೇಲಿಯ ನೆರಳು ಮಾತ್ರ ದಾಂಡೇಲಿಯ ಕೈಯಲ್ಲೇ ಇದೆ.

ನೆರಳು ಹೇಗೆ ಹೋಗುತ್ತದೆ ಎನ್ನುವುದಕ್ಕೆ ಇದೇ ನೆಲದ ಬಿದಿರಿನ ಕತೆ ಸಾಕು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಸುತ್ತಲಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು ಎಂದು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಎಪ್ಪತ್ತರ ದಶಕದಲ್ಲಿ ಅವರೂ ಎಸ್. ನರೇಂದ್ರ ಪ್ರಸಾದರೂ ಬಿದಿರು ಯಾಕೆ ಕ್ಷೀಣಿಸುತ್ತಿದೆ ಎಂದು ಇಲ್ಲಿನ ಕಾಡು ಸುತ್ತಿ ನೋಡಿದರು. ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯುವುದು ಆಗಿನ ಕ್ರಮ. ಆ ಮುಳ್ಳೇ ಎಳೆ ಕಳಲೆಗೆ ಕಾವಲಾಗಿತ್ತು. ಮುಳ್ಳು ಹೋದ ಮೇಲೆ ದನ, ಕಾಡುಪ್ರಾಣಿಗಳು ಕಳಲೆಯನ್ನು ಮೇಯ್ದುಬಿಟ್ಟವು, ಮೆಳೆ ಬೆಳೆಯಲಿಲ್ಲ. ಊರಿನ ಜನಕ್ಕೆ ಇದು ಗೊತ್ತಿತ್ತು, ಯೋಜನೆ ಬರೆದವರಿಗೆ ಗೊತ್ತಿರಲಿಲ್ಲ. ಬಿದಿರುಮೆಳೆಯ ಒಳಗಿನ ತೇವ, ಕತ್ತಲು, ಬುಡದಲ್ಲಿ ಕೊಳೆವ ಎಲೆ, ಇವನ್ನೇ ನೆಚ್ಚಿಕೊಂಡ ಹಾವು, ಹಾವುರಾಣಿಗಳಿಗೆ ಏನಾಯಿತೆಂದು ಯಾರೂ ಆಗ ಕೇಳಲಿಲ್ಲ.

ಬಿಸಿ ಹೆಚ್ಚಾದರೆ ಬೆಟ್ಟ ಹತ್ತಿದರಾಯಿತು ಎನ್ನಬಹುದು. 100 ಮೀಟರ್ ಏರಿದರೆ ಹವೆ 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗುತ್ತದೆ, ಅಂದರೆ ಒಂದು ಡಿಗ್ರಿ ತಪ್ಪಿಸಿಕೊಳ್ಳಲು 150 ಮೀಟರಿಗಿಂತ ಹೆಚ್ಚು ಏರಬೇಕು. ಕೊಡಗಿನಲ್ಲಿ, ನೀಲಗಿರಿಯಲ್ಲಿ ಏರಲು ಬೆಟ್ಟವಿದೆ. ಉತ್ತರ ಕನ್ನಡದಲ್ಲಿ ಘಟ್ಟದ ಸಾಲು ತಗ್ಗು, ಸಾವಿರ ಮೀಟರ್ ದಾಟುವ ಶಿಖರ ಸಿಗುವುದೇ ಕಷ್ಟ. ಎರಡು ಡಿಗ್ರಿ ಹೆಚ್ಚಿದರೆ ಮೆಟ್ಟಿಲು ಮುಗಿಯಿತು.

ಮಳೆಯದ್ದೂ ಅದೇ ಪಾಡು. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣಾಂಶ 0.7 ಡಿಗ್ರಿ ಏರಿದೆ. 1951ರಿಂದ 2015ರ ಅವಧಿಯಲ್ಲಿ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ. ಇಳಿಕೆ ಎದ್ದು ಕಾಣುವ ಎರಡು ಪ್ರದೇಶಗಳಲ್ಲಿ ಒಂದು ಗಂಗಾ ಬಯಲು, ಇನ್ನೊಂದು ಪಶ್ಚಿಮಘಟ್ಟ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬದುಕೆಲ್ಲ ಮರದ ಮೇಲೇ ಕಳೆಯುವ ಹಾರುವ ಓತಿಯ ಹೆಣ್ಣು ನೆಲಕ್ಕೆ ಇಳಿಯುವುದು ಮೊಟ್ಟೆ ಇಡಲು ಮಾತ್ರ, ಮೂತಿಯಿಂದ ಮಣ್ಣು ಕೆದಕಿ ಗುಳಿ ಮಾಡುತ್ತದೆ. ಮಿರ್ಗದ ಮಳೆ ಸುರಿದು ಮಣ್ಣು ಮೆತ್ತಗಾಗದಿದ್ದರೆ ಬೆರಳು ಗಾತ್ರದ ಆ ಜೀವಕ್ಕೆ ನೆಲ ಬಗ್ಗುವುದಿಲ್ಲ.

ಈಗ ಮೊಸಳೆಯ ವಿಷಯ. ಮೊಸಳೆ ಮರಿ ಹೆಣ್ಣೋ ಗಂಡೋ ಎನ್ನುವುದನ್ನು ನಿರ್ಧರಿಸುವುದು ವರ್ಣತಂತುಗಳಲ್ಲ, ಮೊಟ್ಟೆ ಹೂತಿಟ್ಟ ಮರಳಿನ ಶಾಖ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹೆಣ್ಣು ನದಿದಂಡೆಯಲ್ಲಿ ಒಂದೂವರೆ ಅಡಿ ಆಸುಪಾಸಿನ ಗುಂಡಿ ತೋಡಿ 25–30 ಮೊಟ್ಟೆ ಇಟ್ಟು ಮುಚ್ಚುತ್ತದೆ. ಎರಡು ತಿಂಗಳ ಮೇಲೆ, ಮುಂಗಾರಿನ ಹೊಸ್ತಿಲಲ್ಲಿ, ಮರಿಗಳು ಒಳಗಿನಿಂದಲೇ ಕೂಗುತ್ತವೆ, ತಾಯಿ ಮರಳು ಬಗೆದು ಅವನ್ನು ಬಾಯಲ್ಲಿ ಕಚ್ಚಿ ನೀರಿಗೆ ಒಯ್ಯುತ್ತದೆ. ಮದ್ರಾಸಿನ ಮೊಸಳೆ ಧಾಮದ ಮೊಟ್ಟೆಗಳನ್ನು ಬೇರೆ ಬೇರೆ ಶಾಖದಲ್ಲಿಟ್ಟು ಪರೀಕ್ಷಿಸಿದ ಜೆಫ್ರಿ ಲ್ಯಾಂಗ್, ಹ್ಯಾರಿ ಆಂಡ್ರ್ಯೂಸ್, ರೊಮುಲಸ್ ವಿಟೇಕರ್ 1989ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. 28ರಿಂದ 31 ಡಿಗ್ರಿಯಲ್ಲಿಟ್ಟ ಮೊಟ್ಟೆಗಳಿಂದ ಬರೀ ಹೆಣ್ಣು. 32.5 ಡಿಗ್ರಿಯಲ್ಲಿ ಗಂಡು. ಅದರ ಆಚೀಚೆ ಬೆರಕೆ. ಇನ್ನೂ ಒಂದೆರಡು ಡಿಗ್ರಿ ಮೇಲೆ ಹೋದರೆ ಭ್ರೂಣ ಉಳಿಯುವುದೇ ಕಷ್ಟ.

ಎಷ್ಟು ಕಿರಿದಾದ ಓಣಿ ನೋಡಿ. ಎಲ್ಲ ಹೆಣ್ಣಾಗುವುದಕ್ಕೂ ಬಹುತೇಕ ಗಂಡಾಗುವುದಕ್ಕೂ ನಡುವೆ ಎರಡು ಡಿಗ್ರಿಯೂ ಇಲ್ಲ. ಮೊಸಳೆ ಸಂತತಿ ಬೆಳೆಯುವುದು ಹೆಣ್ಣುಗಳ ಲೆಕ್ಕದಲ್ಲಿ. ಸತತವಾಗಿ ಕೆಲವು ಬೇಸಿಗೆಗಳಲ್ಲಿ ಮರಳು ಕಾದು ಗಂಡುಗಳೇ ಹುಟ್ಟಿದರೂ ನಮಗೆ ಏನೂ ಕಾಣುವುದಿಲ್ಲ, ನದಿಯಲ್ಲಿ ಮೊಸಳೆಗಳು ಎಂದಿನಂತೆ ಕಾಣುತ್ತವೆ, ಪ್ರವಾಸಿಗರು ಎಂದಿನಂತೆ ಫೋಟೊ ತೆಗೆಯುತ್ತಾರೆ. ಹೆಣ್ಣು ಮೊಸಳೆ ಮೊದಲ ಮೊಟ್ಟೆ ಇಡಲು ಆರೇಳು ವರ್ಷ ಬೇಕು. 2024ರ ಏಪ್ರಿಲ್ಲಿನ ಆ ಸುಡು ಸೆಕೆ ಮರಳಿನೊಳಗೆ ಏನು ಬರೆದಿಟ್ಟಿದೆಯೋ ಅದು ಓದಲು ಸಿಗುವುದು 2030 ದಾಟಿದ ಮೇಲೆ.

ಆಸ್ಟ್ರೇಲಿಯಾದಲ್ಲಿ ಇಂಥದೇ ಬರಹವನ್ನು ಓದಿಯಾಗಿದೆ. ಕಡಲಾಮೆಗಳಲ್ಲಿ ಲೆಕ್ಕ ಉಲ್ಟಾ, ಮರಳು ಬಿಸಿಯಾದಷ್ಟೂ ಹೆಣ್ಣು. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿದ ಮೈಕೆಲ್ ಜೆನ್ಸನ್ ತಂಡ 2018ರಲ್ಲಿ ಹೇಳಿತು: ಎಳೆಯ ಆಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣು. ಸಾವಿರಾರು ಆಮೆಗಳು ಈಜುತ್ತಿರುವ ಕಡಲಲ್ಲಿ ಗಂಡು ಹುಟ್ಟುವುದೇ ನಿಂತುಹೋಗುತ್ತ ಬಂದಿದೆ ಎಂದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊಸಳೆ ವಂಶ 20 ಕೋಟಿ ವರ್ಷಕ್ಕೂ ಹಳೆಯದು, ಎಂತೆಂಥ ಹವಾಮಾನ ಕಂಡಿದೆ, ಇದನ್ನೂ ದಾಟೀತು ಎನ್ನುವವರಿದ್ದಾರೆ. ಅದು ಗಂಭೀರವಾದ ಮಾತೇ. ತಾಯಿ ಮೊಸಳೆ ಮೊಟ್ಟೆಯನ್ನು ಸ್ವಲ್ಪ ಆಳದಲ್ಲಿ ಇಡಬಹುದು, ನೆರಳಿರುವ ದಂಡೆ ಹುಡುಕಬಹುದು, ಹದಿನೈದು ದಿನ ಮುಂಚೆ ಇಡಬಹುದು. ಆದರೆ ಹಾಗೆ ಆಯ್ದುಕೊಳ್ಳಲು ದಂಡೆ ಇರಬೇಕು, ಮರಳಿರಬೇಕು, ಮೇಲಕ್ಕೂ ಕೆಳಕ್ಕೂ ಹೋಗಲು ನದಿ ಇರಬೇಕು. ಕಾಳಿಯಲ್ಲಿ ಈ ಮೂರೂ ಕತ್ತರಿಸಿಹೋಗಿವೆ.

184 ಕಿ.ಮೀ. ಉದ್ದದ ಕಾಳಿ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವುದರೊಳಗೆ ಹಲವು ಅಣೆಕಟ್ಟು ದಾಟುತ್ತದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ. ಅದರ ಹಿನ್ನೀರಲ್ಲಿ ಸೂಪಾ ಎಂಬ ಹಳೆಯ ತಾಲ್ಲೂಕು ಕೇಂದ್ರವೇ ಮುಳುಗಿತು. ಕೆಳಗೆ ಅಂಬಿಕಾನಗರದ ಹತ್ತಿರ ಬೊಮ್ಮನಹಳ್ಳಿ, ಆಮೇಲೆ ಕೊಡಸಳ್ಳಿ, ಕದ್ರಾ. ದಾಂಡೇಲಿಯ ಮೊಸಳೆಗಳು ಬದುಕುತ್ತಿರುವುದು ಸೂಪಾ ಮತ್ತು ಬೊಮ್ಮನಹಳ್ಳಿ ನಡುವಿನ ತುಂಡು ನದಿಯಲ್ಲಿ. ಇಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದೆ, ಗಣೇಶಗುಡಿಯ ರ‍್ಯಾಫ್ಟಿಂಗ್ ನಡೆಯುವುದೂ ಅದರಿಂದಲೇ. ಆದರೆ ಎಷ್ಟು ನೀರು, ಯಾವ ಹೊತ್ತಿಗೆ ಎಂದು ಹೇಳುವುದು ಮೋಡವಲ್ಲ, ವಿದ್ಯುತ್ತಿನ ಬೇಡಿಕೆ. ಫೆಬ್ರುವರಿಯಿಂದ ಮೇ ತನಕ ರಾಜ್ಯದ ಫ್ಯಾನು, ಪಂಪ್‌ಸೆಟ್ಟುಗಳು ಹೆಚ್ಚು ತಿರುಗುವ ಕಾಲ. ಮೊಟ್ಟೆಗಳು ದಂಡೆಯಲ್ಲಿರುವುದೂ ಅದೇ ಕಾಲ. ಹಿಂದೆ ಬೇಸಿಗೆಯಲ್ಲಿ ನದಿ ದಿನೇ ದಿನೇ ಇಳಿಯುತ್ತಿತ್ತು. ಅಂದಾಜು ಮಾಡಿ ಇಟ್ಟ ಗೂಡು ನೀರಿನಿಂದ ದೂರ ದೂರವಾಗುತ್ತ ಸುರಕ್ಷಿತವಾಗಿ ಉಳಿಯುತ್ತಿತ್ತು. ಈಗ ಬೆಳಿಗ್ಗೆ ಇಳಿದ ನೀರು ಸಂಜೆ ಏರಬಹುದು. ತಾಯಿ ಮೊಸಳೆಯ ರಕ್ತದಲ್ಲಿರುವ ನದಿ ಬೇರೆ, ಎದುರಿಗಿರುವ ನದಿ ಬೇರೆ. ನೀರು ಮರಳೊಳಗೆ ಇಳಿದು ನಿಂತರೆ ಮೊಟ್ಟೆ ಉಸಿರುಗಟ್ಟುತ್ತದೆ.

ಮರಳಿನ ಕತೆ ಇನ್ನೂ ಕಷ್ಟದ್ದು. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಮರಳನ್ನು ಅಣೆಕಟ್ಟು ತಡೆಹಿಡಿಯುತ್ತದೆ, ಕೆಳಗಿನ ದಂಡೆಗೆ ಹೊಸ ಮರಳು ಸೇರುವುದಿಲ್ಲ. ಇದ್ದದ್ದನ್ನು ಮನೆ ಕಟ್ಟಲು ಎತ್ತುತ್ತೇವೆ. ಉಳಿದ ದಂಡೆಯ ಹೊಂಗೆ, ನೀರಂಜಿ, ಹಿಂಡುಗಿಡಗಳನ್ನು ನೋಟಕ್ಕೆ ಅಡ್ಡವೆಂದು ಸವರಿದರೆ ಗೂಡಿನ ಮೇಲಿನ ಕೊನೆಯ ನೆರಳೂ ಹೋಗುತ್ತದೆ. ಹವಾಮಾನ ಬದಲಾವಣೆಯ ಒಂದು ಡಿಗ್ರಿಗೆ ನಾವು ಇಲ್ಲೇ ಇನ್ನೊಂದು ಡಿಗ್ರಿ ಸೇರಿಸಿಕೊಡುತ್ತಿದ್ದೇವೆ.

ಜಗತ್ತಿನ 10,196 ಸರೀಸೃಪ ಪ್ರಭೇದಗಳನ್ನು ಪರಿಶೀಲಿಸಿ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಶೇ 21ರಷ್ಟು ಅಳಿವಿನ ಭೀತಿಯಲ್ಲಿವೆ ಎಂದಿತ್ತು. ಮೊಸಳೆ ಗುಂಪಿನಲ್ಲಿ ಅದು ಅರ್ಧಕ್ಕೂ ಹೆಚ್ಚು. ಒಣಪ್ರದೇಶದ ಸರೀಸೃಪಗಳಲ್ಲಿ ಶೇ 14ರಷ್ಟು ಅಪಾಯದಲ್ಲಿದ್ದರೆ ಕಾಡಿನವುಗಳಲ್ಲಿ ಶೇ 30. ಹಳಿಯಾಳದಿಂದ ಜೋಯಿಡಾಕ್ಕೆ ಹೋಗುವ ದಾರಿಯುದ್ದಕ್ಕೂ ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಬೇಕು.

ಇದರ ಪೆಟ್ಟು ಪ್ರಾಣಿಗಳಿಗಷ್ಟೇ ಅಲ್ಲ. 2021ರ ಅಕ್ಟೋಬರ್‌ನಲ್ಲಿ ದಾಂಡೇಲಿಯಲ್ಲಿ ನದಿ ದಂಡೆಗೆ ಹೋಗಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಆ ಮನೆಯವರ ಮುಂದೆ ನಿಂತು ಮೊಸಳೆ ಉಳಿಸುವ ಮಾತಾಡುವುದು ಸುಲಭವಲ್ಲ, ಆಡಲೇಬೇಕಾದರೆ ಮೊದಲು ಅವರ ಮಕ್ಕಳನ್ನು ಉಳಿಸುವ ಮಾತಾಡಬೇಕು. ನೀರು ಬೆಚ್ಚಗಾದಷ್ಟೂ ಮೊಸಳೆಯ ಚಟುವಟಿಕೆ, ಹಸಿವು ಏರುತ್ತವೆ. ಇರುವ ತಾಣ ಕುಗ್ಗಿದಷ್ಟೂ ಅವು ಒತ್ತಟ್ಟಿಗೆ ಸೇರುತ್ತವೆ. ಅಲ್ಲೇ ನಾವು ಬಟ್ಟೆ ಒಗೆಯುತ್ತೇವೆ, ಮೀನು ಹಿಡಿಯುತ್ತೇವೆ. ಕೋಳಿ ಅಂಗಡಿಯ ತ್ಯಾಜ್ಯವನ್ನು ದಂಡೆಗೆ ಸುರಿದರಂತೂ ಕೈಯಾರೆ ಕರೆದಂತೆ.

ಹಾವಿನದ್ದು ಇನ್ನೂ ದೊಡ್ಡ ಲೆಕ್ಕ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಸರಾಸರಿ ವರ್ಷಕ್ಕೆ 58,000 ಎಂದು 2020ರ ಅಧ್ಯಯನವೊಂದು ಅಂದಾಜಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ನೆಲೆ ಹವಾಮಾನದೊಂದಿಗೆ ಹೇಗೆ ಸರಿಯಬಹುದೆಂದು 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಕ್ಷೆ ಬರೆದಿದೆ. ಅದರಲ್ಲಿ ಹೆಚ್ಚು ಅಪಾಯದ ಜಿಲ್ಲೆಗಳಾಗಿ ಕಾಣುವುದು ಕರ್ನಾಟಕದಲ್ಲಿ ಚಿಕ್ಕಬಳ್ಳಾಪುರ, ಚಿತ್ರದುರ್ಗ ಮತ್ತು ಹಾವೇರಿ. ಹಾವೇರಿ ಅಂದರೆ ಮುಂಡಗೋಡದ ಪಕ್ಕದ ಮನೆ. ಹಗಲಿನ ಸೆಕೆ ತಾಳದೆ ಹಾವುಗಳ ಓಡಾಟ ರಾತ್ರಿಗೆ ಸರಿದರೆ, ನೆಲದ ಮೇಲೆ ಮಲಗುವ ಗೌಳಿ, ಸಿದ್ದಿ, ಕುಣಬಿ ಮನೆಗಳಿಗೆ, ಬೆಳಕಿಲ್ಲದೆ ಗದ್ದೆಗೆ ನೀರು ಕಟ್ಟಲು ಹೋಗುವ ರೈತನಿಗೆ ಅದರ ಅರ್ಥವೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಮೊದಲ ಹೆಜ್ಜೆ, ಒಳ್ಳೆಯ ಹೆಜ್ಜೆ. ಆ ವರದಿಗಳನ್ನು ತಾಲ್ಲೂಕುವಾರು, ತಿಂಗಳುವಾರು ಜೋಡಿಸಿ ಮಳೆ, ಉಷ್ಣಾಂಶದ ಪಕ್ಕದಲ್ಲಿಟ್ಟರೆ ಯಾವ ಹಾವು ಯಾವ ಕಡೆ ಸರಿಯುತ್ತಿದೆ ಎನ್ನುವುದು ನಮ್ಮ ಆಸ್ಪತ್ರೆಗಳ ದಪ್ತರಿನಿಂದಲೇ ತಿಳಿಯುತ್ತದೆ. ಒಂದು ಕೊರತೆಯನ್ನು ಮಾತ್ರ ಈಗಲೇ ಹೇಳಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಜೋಯಿಡಾದ ಕಾಡಿನ ಗುಳಿಮಂಡಲಗಳ ಕಡಿತಕ್ಕೆ ಅದು ಮದ್ದಲ್ಲ. ಒಳ್ಳೆಯ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿರುವ ಜಿಲ್ಲೆಯಲ್ಲಿ, ಕಾಡೊಳಗಿನ ಹಳ್ಳಿಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಓಡಬೇಕಾದ ರೋಗಿಗೆ ಯಾವ ಹಾವು ಕಚ್ಚಿತೆಂಬುದು ಜೀವನ್ಮರಣದ ಪ್ರಶ್ನೆ.

ಮಾಡಬಹುದಾದ ಕೆಲಸಗಳಲ್ಲಿ ಕೆಲವಕ್ಕೆ ಹಣವೇ ಬೇಡ, ಕೆಲವಕ್ಕೆ ಸ್ವಲ್ಪ ಸಾಕು. ಸಾಗವಾನಿ ತೋಪುಗಳ ನಡುವೆ ತಾನಾಗಿ ಹುಟ್ಟುವ ಮತ್ತಿ, ಕಿಂದಳ, ನೇರಳೆ, ಕೌಲು ಸಸಿಗಳನ್ನು ಕಳೆಯೆಂದು ಕೀಳದೆ ಬಿಟ್ಟರೆ ಹತ್ತು ವರ್ಷದಲ್ಲಿ ಬೇಸಿಗೆಯ ನೆಲಕ್ಕೆ ನೆರಳು ಬರುತ್ತದೆ. ಬೆಂಕಿ ತಡೆಯುವ ಕಾವಲಿಗೆ ಫೆಬ್ರುವರಿಯಿಂದ ಊರವರನ್ನೇ ಸಂಬಳ ಕೊಟ್ಟು ನೇಮಿಸಿದರೆ ದರಕು ಉಳಿಯುತ್ತದೆ, ಜೊತೆಗೆ ಕಾಳಿಂಗದ ಗೂಡೂ. ಹುತ್ತವನ್ನು ಜೆಸಿಬಿ ಹಚ್ಚಿ ನೆಲಸಮ ಮಾಡದೆ ಬದುವಿನಲ್ಲಿ ಉಳಿಸಿದರೆ ಉಡಕ್ಕೆ ಮೊಟ್ಟೆ ಇಡುವ ತಂಪು ಕೋಣೆ ಸಿಗುತ್ತದೆ. ಕಾಳಿಯ ದಂಡೆಯಲ್ಲಿ ಮೊಸಳೆ ಗೂಡು ಕಂಡಲ್ಲೆಲ್ಲ, ಅದರ ಪಕ್ಕದ ಮರಳಿನಲ್ಲಿ ಉಷ್ಣಾಂಶ ದಾಖಲಿಸುವ ಬೆರಳ ಗಾತ್ರದ ಸಾಧನ ಹೂಳಬೇಕು. ದಾಂಡೇಲಿಯ ಕಾಲೇಜಿನ ಮಕ್ಕಳೇ ಆ ಕೆಲಸ ನಿಭಾಯಿಸಬಲ್ಲರು, ಐದಾರು ಬೇಸಿಗೆಯ ದಾಖಲೆ ಸಿಕ್ಕರೆ ಮರಳು ಯಾವ ಕಡೆ ಹೊರಟಿದೆ ಎನ್ನುವುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಬೇಗ ಆಗಬೇಕಾದದ್ದು ನೀರಿನ ಒಪ್ಪಂದ. ಸೂಪಾದ ಗೇಟು, ಟರ್ಬೈನುಗಳು ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿವೆ, ನದಿಯ ಜೀವಿಗಳು ಅರಣ್ಯ ಇಲಾಖೆಯ ಸುಪರ್ದಿಯಲ್ಲಿವೆ. ಮೊಸಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ; ಅದರ ಗೂಡು ಕಾಯಲು ಹೊಸ ಕಾನೂನು ಬೇಕಿಲ್ಲ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ದಾಂಡೇಲಿ ಭಾಗದಲ್ಲಿ ನೀರು ಎಷ್ಟು ಏರಬಹುದು, ಎಷ್ಟು ನಿಧಾನವಾಗಿ ಏರಬೇಕು, ಏರುವ ಮುನ್ನ ದಂಡೆಯ ಓಣಿಗಳಿಗೆ ಯಾರು ತಿಳಿಸಬೇಕು ಎಂಬ ಮೂರು ಸಾಲಿನ ವೇಳಾಪಟ್ಟಿ ಸಾಕು. ಅದನ್ನು ಬರೆದು ಮುಗಿಸಬೇಕಾದದ್ದು ಪ್ರತಿ ವರ್ಷದ ಜನವರಿಯೊಳಗೆ, ಮೊದಲ ಹೆಣ್ಣು ಮೊಸಳೆ ಮರಳು ಕೆದಕಲು ದಂಡೆ ಹತ್ತುವ ಮುಂಚೆ.